ಮೂರನೆಯ ಸಂಪುಟದ ಜೋಡಿ

ಊರೂರಿನ ಲೈಬ್ರರಿ ನೋಡುವುದು ನನ್ನ ಹುಚ್ಚು. ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಗಾಜಿನ ನಳಿಕೆಗಳನ್ನು ತೊಳೆದು ಒರೆಸಿ ಜೋಡಿಸಿಡುವ ಕೆಲಸ ನನ್ನದು. ಪರೀಕ್ಷೆ ಮುಗಿದು ರಜೆ ಬಂತೆಂದರೆ ಕೈಚೀಲದಲ್ಲಿ ಎರಡು ಸೀರೆ, ಒಂದು ಟವೆಲು, ಕೋಡುಬಳೆ ಡಬ್ಬಿ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ, ಹಿಂದೆಂದೂ ಕೇಳಿರದ ಊರಿನ ಬೋರ್ಡು ಹೊತ್ತ ಬಸ್ಸನ್ನು ಹತ್ತಿಬಿಡುತ್ತೇನೆ. ಇಳಿದ ಮೇಲೆ ಮೊದಲು ಕೇಳುವುದು ಲೈಬ್ರರಿ ಎಲ್ಲಿದೆ ಅಂತ. ಬಹಳ ಕಡೆ ನನ್ನನ್ನು ತಪಾಸಣೆಗೆ ಬಂದವಳೆಂದು ತಿಳಿದು ಕುರ್ಚಿ ಒರೆಸಿ ಕೊಡುತ್ತಾರೆ. ಮೀನು ಮಾರ್ಕೆಟ್ಟಿನ ಮೇಲಂತಸ್ತಿನ ಲೈಬ್ರರಿ ನೋಡಿದ್ದೇನೆ. ಅಲ್ಲಿನ ಪ್ರೇಮಕಥೆಗಳಿಗೂ ಬಂಗಡೆಯ ವಾಸನೆ. ಇನ್ನೊಂದು ಊರಿನಲ್ಲಿ ಲೈಬ್ರರಿಯವರು ಮಾಳಿಗೆಯ ಮೇಲೆ ಹಪ್ಪಳ ಒಣಗಲಿಟ್ಟು, ಕಾಗೆ ಓಡಿಸುವುದಕ್ಕೆ ಓದುಗರನ್ನು ಸರದಿಯ ಮೇಲೆ ಕಳಿಸುತ್ತಿದ್ದರು. ನಾನೂ ಒಂದು ಸರದಿ ಮುಗಿಸಿ ಬಂದೆ. ಇಷ್ಟಕ್ಕೆಲ್ಲ ನನ್ನದೊಂದೇ ಕಟ್ಟುನಿಟ್ಟು. ಹೋದ ಕಡೆ ಏನನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಬೇಕು, ಮಕ್ಕಳ ಪುಸ್ತಕವಾದರೂ ಸರಿ. ಓದದೆ ಬಂದರೆ ಆ ಲೈಬ್ರರಿ ನೋಡಿದ ಲೆಕ್ಕಕ್ಕಿಲ್ಲ.

ಈಗ ಹೇಳುವ ಊರು ಬಸ್ಸಿನ ಕೊನೆಯ ನಿಲ್ದಾಣ. ಅಲ್ಲಿಂದ ಮುಂದೆ ರಸ್ತೆಯಿಲ್ಲ, ಬರೀ ಜೋಳದ ಹೊಲ. ಲೈಬ್ರರಿ ಬಸ್ಸು ನಿಲ್ಲುವ ಕಟ್ಟೆಯ ಎದುರಿಗೇ ಇತ್ತು. ಒಳಗೆ ಕಾಲಿಟ್ಟಾಗ ನನಗೆ ವಿಚಿತ್ರ ಕಂಡದ್ದು ಅಲ್ಲಿನ ಬೆಂಚುಗಳು. ಎಲ್ಲವೂ ಗಿಡ್ಡ, ಇಬ್ಬರು ಕೂತರೆ ತುಂಬಿಹೋಗುವಂಥವು. ಪ್ರತಿ ಬೆಂಚಿನ ಮೇಲೂ ಇಬ್ಬಿಬ್ಬರು, ಇಬ್ಬರ ಕೈಯಲ್ಲೂ ಒಂದೇ ಪುಸ್ತಕ. ಎಡಗಡೆಯವರು ಎಡರಟ್ಟು, ಬಲಗಡೆಯವರು ಬಲರಟ್ಟು ಹಿಡಿದಿದ್ದರು. ಪಾಪ, ಪುಸ್ತಕಕ್ಕೆ ಬರ ಇರಬೇಕು ಎಂದುಕೊಂಡೆ. ಆದರೆ ಕಪಾಟುಗಳು ತುಂಬಿ ತುಳುಕುತ್ತಿದ್ದವು. ತೆಳ್ಳಗಿನದೊಂದನ್ನು ಎಳೆದು ತೆರೆದೆ. ಖಾಲಿ ಹಾಳೆ. ಇನ್ನೊಂದನ್ನು ತೆರೆದೆ, ಅದೂ ಖಾಲಿ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಒಬ್ಬರು ಕೆಮ್ಮಿದರು. ಲೈಬ್ರರಿಯ ರುದ್ರಮುನಿಯವರು, ಉದ್ದನೆಯ ಮುಖ, ಕಿವಿಯ ಮೇಲೊಂದು ಪೆನ್ಸಿಲ್ಲು.

“ಜೋಡಿ ಎಲ್ಲೈತ್ರಿ ಅಕ್ಕಾರ?” ಎಂದು ಕೇಳಿದರು.

“ಯಾವ ಜೋಡಿ ಸರ್? ನಾನೊಬ್ಬಳೇ ಬಂದಿರೋದು.”

“ಒಬ್ಬರ ಬಂದ್ರ ಓದೂದು ಹೆಂಗ್ರಿ?” ಎಂದು ಅವರು ಮರುಕದಿಂದ ತಲೆಯಾಡಿಸಿ ಪಕ್ಕದ ಬೆಂಚಿನತ್ತ ಕಣ್ಣು ತೋರಿಸಿದರು. ಅಲ್ಲಿ ಕೂತಿದ್ದ ಇಬ್ಬರು ಗಂಡಸರಲ್ಲಿ ಒಬ್ಬ ನೀರು ಕುಡಿಯಲು ಎದ್ದ. ಅವನು ಕೈ ಬಿಟ್ಟ ಕೂಡಲೇ ಪುಟದ ಮೇಲಿದ್ದ ಅಕ್ಷರಗಳೆಲ್ಲ ಮಾಯವಾದವು. ಉಳಿದವನಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಬಿಳೀ ಹಾಳೆ ಹಿಡಿದುಕೊಂಡೇ ಕಿಟಕಿಯಾಚೆ ನೋಡುತ್ತ ಕೂತ. ಹೋದವನು ಬಂದು ಬಾಯಿ ಒರೆಸಿಕೊಂಡು ರಟ್ಟಿಗೆ ಕೈ ಹಚ್ಚಿದ. ಕಾವಲಿಯ ಮೇಲೆ ದೋಸೆಗೆ ತೂತು ಮೂಡಿದ ಹಾಗೆ ಅಕ್ಷರಗಳು ಪಟಪಟನೆ ಮೂಡಿದವು.

ನಾನು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತೆ. ರುದ್ರಮುನಿಯವರು ನೀರು ತರಿಸಿಕೊಟ್ಟು, ಊರಿನ ಪದ್ಧತಿಯನ್ನು ನಿಧಾನವಾಗಿ ಹೇಳಿದರು. ಪೇಪರಿಗೆ, ಬೋರ್ಡಿಗೆ, ಕಾಗದಪತ್ರಕ್ಕೆ ಅಲ್ಲಿ ಯಾವ ತಕರಾರೂ ಇಲ್ಲ. ಲೈಬ್ರರಿಯ ಪುಸ್ತಕ ಮಾತ್ರ ಇಬ್ಬರ ಕೈಗೇ ತೆರೆಯುವುದು. ಒಂದು ಜೋಡಿ ಒಂದು ಪುಸ್ತಕ ಹಿಡಿಯಿತೆಂದರೆ ಅದನ್ನು ಮುಗಿಸುವ ತನಕ ಬೇರೆ ಪುಸ್ತಕ ಅವರಿಗೆ ಕಾಣದು, ಆ ಪುಸ್ತಕ ಬೇರೆಯವರಿಗೆ ಕಾಣದು. ಜೋಡಿಯಲ್ಲಿ ಒಬ್ಬರು ತೀರಿಹೋದರೆ ಪುಸ್ತಕ ತಾನಾಗಿ ಬಿಟ್ಟುಕೊಡುತ್ತದಂತೆ. ಊರವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಕನ್ಯೆ ನೋಡಲು ಬಂದವರು ಜಾತಕಕ್ಕಿಂತ ಮೊದಲು ಹುಡುಗಿಯ ಕೈಗೆ ಹುಡುಗನ ಜೊತೆ ಒಂದು ಪುಸ್ತಕ ಕೊಟ್ಟು ನೋಡುತ್ತಿದ್ದರು. ನಾನು ಆಗ ನೋಡಿದ ಇಬ್ಬರು ಗಂಡಸರ ನಡುವೆ ಹೊಲದ ಬದುವಿನ ಸಲುವಾಗಿ ಕೋರ್ಟು ಕೇಸು ನಡೆದಿತ್ತು. ತಾರೀಖು ಬಂದಾಗ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಮುಖ ತಿರುಗಿಸಿಕೊಂಡು ಬಸ್ಸಿನಲ್ಲಿ ಹೋಗಿ, ಮರುದಿನ ಬಂದು, ಸಂಜೆ ಒಂದೇ ಬೆಂಚಿಗೆ ಕೂರುತ್ತಿದ್ದರು. ರುದ್ರಮುನಿಯವರ ಜೋಡಿ ಅವರ ಅತ್ತೆ. “ಮನ್ಯಾಗ ನಂದೂ ಅವರದೂ ಮಾತ ಇಲ್ರಿ. ಇಲ್ಲಿ ಬಂದ್ರ ಇಬ್ಬರೂ ಕೂಡಿ ಅಳ್ತೀವಿ,” ಎಂದು ಹೇಳಿ ಅವರು ನಾಚಿಕೊಂಡರು.

“ಹಾಗಾದರೆ ನನ್ನ ಜೊತೆ ಓದೋಕೆ ಯಾರೂ ಇಲ್ಲವಾ? ಒಂದೇ ಒಂದು ಸಣ್ಣ ಕಥೆ ಸಾಕು ಸರ್.”

ಅವರು ಕಿವಿಯ ಪೆನ್ಸಿಲ್ಲು ತೆಗೆದು ತಲೆ ಕೆರೆದುಕೊಂಡರು. “ಎಲ್ಲಾರೂ ಒಂದೊಂದ ಪುಸ್ತಕದ ನಡಬರಕ ಅದಾರ್ರಿ. ಕೈಯಾಗ ಪುಸ್ತಕ ಇಲ್ದಾವ್ರು ಅಂದ್ರ ಈ ಊರಾಗ ಇಬ್ಬರ. ಆದ್ರ ಅವರೂ ಖಾಲಿ ಇಲ್ಲ.”

ಹೀಗೆ ನನಗೆ ಮೂರನೆಯ ಸಂಪುಟದ ಕಥೆ ಸಿಕ್ಕಿತು. ‘ಉಪ್ಪಿನ ಕೋಟೆಯ ದೊರೆಸಾನಿ’ ಎಂಬುದೊಂದು ಕಾದಂಬರಿ, ಮೂರು ಸಂಪುಟ. ಬರೆದವರ ಹೆಸರಿನ ಹಾಳೆ ಯಾವತ್ತೋ ಹರಿದುಹೋಗಿದೆ. ನಾನು ನೋಡಿದ ಇನ್ಯಾವ ಲೈಬ್ರರಿಯಲ್ಲೂ ಅದು ಇರಲಿಲ್ಲ. ಮೊದಲೆರಡು ಸಂಪುಟಗಳನ್ನು ಊರಿಗೆ ಊರೇ ಓದಿತ್ತು. ಎರಡನೆಯದರ ಕೊನೆಗೆ ದೊರೆಸಾನಿಯನ್ನು ಕೋಟೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಾರೆ, ಸಮುದ್ರದ ನೀರು ಹೊಸಿಲ ತನಕ ಏರಿದೆ, ಮೆಟ್ಟಿಲ ಮೇಲೆ ಯಾರದೋ ಕಾಲಂದುಗೆಯ ಸಪ್ಪಳ. ಬಂದವರು ಯಾರು? ಮೂರನೆಯ ಸಂಪುಟ ಯಾರಿಗೆ ಮೊದಲು ಎಂದು ಚೀಟಿ ಎತ್ತಿದಾಗ ಬಂದ ಜೋಡಿ ಕಾಶವ್ವ ಮತ್ತು ಮಾಬೂಬಿ. ಕಾಶವ್ವ ಹಿಟ್ಟಿನ ಗಿರಣಿಯವಳು. ಮಾಬೂಬಿ ಅವಳ ಎದುರು ಅಂಗಡಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವಳು. ಇಬ್ಬರೂ ಆ ಸಂಪುಟವನ್ನು ಅರ್ಧಕ್ಕೆ ತಂದು, ಇದೇ ಲೈಬ್ರರಿಯಲ್ಲಿ, ಎಲ್ಲರ ಎದುರಿಗೆ ಜಗಳಾಡಿ ಎದ್ದುಹೋದರು. ಅದಾಗಿ ವರ್ಷಗಳೇ ಆದವು. ಪುಸ್ತಕ ಅವರಿಬ್ಬರಲ್ಲಿ ಸಿಕ್ಕಿಕೊಂಡಿದೆ, ದೊರೆಸಾನಿ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದಾಳೆ. ಊರವರು ಕೈಮುಗಿದು ಬೇಡಿದರು, ಹಿರಿಯರು ಕೂತು ಹೇಳಿದರು, ಯಾವುದಕ್ಕೂ ಜಗ್ಗಲಿಲ್ಲ. “ಮತ್ತ ಇಬ್ಬರೂ ಗಟ್ಟಿಮುಟ್ಟ ಅದಾರ್ರಿ, ದೇವರ ದಯದಿಂದ,” ಎಂದು ರುದ್ರಮುನಿಯವರು ನಿಟ್ಟುಸಿರು ಬಿಟ್ಟರು. ಆ ಕ್ಷಣ ಅವರು ದೇವರ ದಯೆಗೆ ಸಂತೋಷಪಟ್ಟರೋ ಇಲ್ಲವೋ ನನಗೆ ತಿಳಿಯಲಿಲ್ಲ.

ವಾಪಸ್ ಬಸ್ಸು ಮರುದಿನ ಮಧ್ಯಾಹ್ನಕ್ಕೇ. ಊರಿನಲ್ಲಿ ಉಳಿಯಲು ಬಾಡಿಗೆಯ ಜಾಗವೆಂದರೆ ಮಾಬೂಬಿಯ ಅಂಗಡಿಯ ಮೇಲಿನ ಕೋಣೆ. ನಾನು ಹೋದಾಗ ಆಕೆ ಹೊಸಿಲಲ್ಲೇ ಕೂತು ಗಾದಿಗೆ ದಬ್ಬಣ ಹಾಕುತ್ತಿದ್ದಳು. ಸಣ್ಣ ಆಕಾರದ ಹೆಂಗಸು. ತಲೆ, ಹುಬ್ಬು, ರೆಪ್ಪೆಯೆಲ್ಲ ಹತ್ತಿಯ ನವಿರು. ಎದುರಿನ ಗಿರಣಿಯ ಬಾಗಿಲಲ್ಲಿ ನಿಂತಿದ್ದ ದಪ್ಪನೆಯ ಹೆಂಗಸೂ ತಲೆಯಿಂದ ಪಾದದವರೆಗೆ ಬೆಳ್ಳಗೆ, ಆದರೆ ಹಿಟ್ಟಿನಿಂದ. ಆಕೆಯೇ ಕಾಶವ್ವ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಮಾಬೂಬಿಯ ಹೊಸಿಲು ಹತ್ತಿದ್ದನ್ನು ನೋಡಿದವಳೇ ಆಕೆ ಬೀದಿಗೆಲ್ಲ ಕೇಳುವ ಹಾಗೆ, “ಹೊರಗಿನವರಿಗೆ ಗಾದ್ಯಾಗ ಹೊಸಾ ಹತ್ತಿ ತುಂಬಿ ಕೊಡಬೇಕಂತ ಹೇಳ್ರಿ ಯಾರರ,” ಎಂದಳು. ಮಾಬೂಬಿ ತಲೆಯೆತ್ತದೆ ನನಗೆ ಹೇಳಿದಳು: “ನಿಮ್ಮ ರೊಟ್ಟಿಗೆ ಜ್ವಾಳ ನುಣ್ಣಗ ಬೀಸಿ ಕೊಡಬೇಕಂತ ಹೇಳ್ರಿ ಆಕಿಗೆ.” ನಡುವೆ ನಿಂತಿದ್ದ ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಸಂಜೆ ಚಹಾ ಕೊಟ್ಟು, ನನ್ನ ಹೆಸರು, ಬಂದ ಕಾರಣ ಕೇಳಿ, ಮಾಬೂಬಿ ಬಹಳ ಹೊತ್ತು ನಕ್ಕಳು. ಲೈಬ್ರರಿ ನೋಡುವುದಕ್ಕೇ ಊರು ತಿರುಗುವ ಹೆಂಗಸನ್ನು ಆಕೆ ಕಂಡಿರಲಿಲ್ಲ. “ನಿಮ್ಮ ಕಡೆ ಹೆಂಗ ಓದ್ತಾರ್ರಿ ವಾರಿಜಕ್ಕಾರ?”

“ಒಬ್ಬೊಬ್ಬರೇ.”

ದಬ್ಬಣ ಅಲ್ಲೇ ನಿಂತಿತು. “ಒಬ್ಬೊಬ್ಬರ? ನಗಿ ಬಂದ್ರ ಯಾರ ಮಾರಿ ನೋಡ್ತೀರಿ?”

“ಯಾರನ್ನೂ ನೋಡೋದಿಲ್ಲ.”

“ಅಯ್ಯ, ಪಾಪ!” ಎಂದಳು ಮಾಬೂಬಿ, ನಮ್ಮ ಕಡೆ ಉಪ್ಪಿಲ್ಲದೆ ಉಣ್ಣುತ್ತಾರೆಂದು ಕೇಳಿದವಳಂತೆ. ಇಷ್ಟು ವರ್ಷ, ಇಷ್ಟು ಊರು, ಇಷ್ಟೊಂದು ಪುಸ್ತಕ. ಎಲ್ಲಿಯೂ ನಾನು ಓದುತ್ತ ಓದುತ್ತ ತಲೆಯೆತ್ತಿ ಪಕ್ಕಕ್ಕೆ ನೋಡಿದ್ದಿಲ್ಲ. ನೋಡಲು ಯಾರೂ ಇರಲಿಲ್ಲ, ಇಲ್ಲವೆಂದು ಗೊತ್ತೂ ಆಗಿರಲಿಲ್ಲ.

ಆಮೇಲೆ ಆಕೆಯೇ ಜಗಳದ ಮಾತು ತೆಗೆದಳು. “ಕಾಶಿ ಗಿರಣ್ಯಾಗ ಕಾಳು ಸುರದಂಗ ಓದ್ತಾಳ್ರಿ. ಮ್ಯಾಲೆ ಹಾಕಿದ್ರ ಕೆಳಗ ಹಿಟ್ಟ! ನಾ ಒಂದೊಂದ ಎಳಿ ಬಿಡಿಸಿ ಓದಾಕಿ. ಆಕಿ ಓದಿ ಮುಗಿಸಿ ಹಾಳಿ ಮ್ಯಾಲೆ ಬಟ್ಟು ಬಡಕೋತ ಕುಂದರತಿದ್ದಳು. ಆವತ್ತ ಆ ಸಪ್ಪಳ ಮಾಡಿದಾಕಿ ಯಾರಂತ ಬರೂ ಹೊತ್ತಿಗೆ, ನಂದಿನ್ನ ಆ ಪುಟಾ ಮುಗಿದಿದ್ದಿಲ್ಲ, ತಿರುವಿ ಹಾಕಿ ‘ಯವ್ವಾ, ಬಂದಾಕಿ ತಾಯಿ ಅಲ್ಲೇನ!’ ಅಂತ ಒದರಿದ್ಳು. ಇಡೀ ಲೈಬ್ರರಿಗೆ ಕೇಳಿಸ್ತು. ನಾ ಸಿಟ್ಟಿಗೆದ್ದು ಯಾಕ ಹಿಂಗ ಮಾಡ್ತಿ ಅಂದೆ. ಅದಕ್ಕ ಆಕಿ ಏನಂದ್ಳು ಗೊತ್ತೈತೇನ್ರಿ?” ಮಾಬೂಬಿಯ ದನಿ ತಗ್ಗಿತು. “‘ಅಕ್ಷರ ತಡಾ ಮಾಡಿ ಕಲ್ತವರ ಜೋಡಿ ಕುಂತರ ಇದ ಹಣೇಬರಾ’ ಅಂದ್ಳು. ಎಲ್ಲಾರ ಮುಂದ. ನನಗ ಅಕ್ಷರ ಕಲಿಸಿದಾಕೀನ ಆಕಿ ಅದಾಳ್ರಿ. ಲಗ್ನಾಗಿ ಈ ಊರಿಗೆ ಬಂದಾಗ ನನಗ ಒಂದಕ್ಷರ ಬರತಿದ್ದಿಲ್ಲ. ಗಿರಣಿ ಕಟ್ಟಿ ಮ್ಯಾಲೆ ಹಿಟ್ಟು ಹರವಿ, ನನ್ನ ಬಟ್ಟು ಹಿಡದು ಬರಸ್ತಿದ್ದಳು.”

ಆಕೆ ಅತ್ತಿತ್ತ ನೋಡಿ, ಗಾದಿಯ ರಾಶಿಯ ಹಿಂದಿನಿಂದ ಹಳೆಯ ಪೇಪರುಗಳ ಕಟ್ಟೊಂದನ್ನು ಎಳೆದಳು. ಹತ್ತಿಯ ಮೂಟೆಗೆ ಸುತ್ತಿ ಬಂದವು. ಒಂದನ್ನು ಬಿಡಿಸಿ, ಉಸಿರು ಬಿಗಿಹಿಡಿದು, ಇಡೀ ಪುಟವನ್ನು ಕಣ್ಣಲ್ಲೇ ಗುಡಿಸಿದ ಹಾಗೆ ಓದಿ ಮುಗಿಸಿ, ನನ್ನತ್ತ ನೋಡಿ ಗೆದ್ದವಳ ನಗೆ ನಕ್ಕಳು. “ದಿನಾ ರೂಢಿ ಮಾಡ್ತೀನ್ರಿ. ಈಗ ಆಕಿಗಿಂತ ಲಗೂ ಓದ್ತೀನಿ. ಆಕಿಗೆ ಹೇಳಬ್ಯಾಡ್ರಿ ಮತ್ತ.”

ಬೆಳಿಗ್ಗೆ ಎದ್ದಾಗ ಮಾಬೂಬಿ ನನ್ನ ಕೈಗೆ ಜೋಳದ ಚೀಲ ಕೊಟ್ಟಳು. ನಾನೂ ಅದಕ್ಕೇ ಕಾಯುತ್ತಿದ್ದೆ. ಗಿರಣಿಯೊಳಗೆ ಬೆಲ್ಟಿನ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು. ಕಾಶವ್ವ ಕೂಗಿದ್ದು ನನಗೆ ಕೇಳಿಸದು, ನಾನು ಕೂಗಿದ್ದು ಆಕೆಗೆ ಕೇಳಿಸದು. ಇಬ್ಬರೂ ಕೈಸನ್ನೆ ಮಾಡಿಕೊಂಡು ನಗುತ್ತಿದ್ದಾಗ ಕರೆಂಟು ಹೋಯಿತು. ಕಲ್ಲು ಗುರ್ರೆಂದು ನಿಂತಿತು. ಇದ್ದಕ್ಕಿದ್ದಂತೆ ಆವರಿಸಿದ ಮೌನದಲ್ಲಿ ಕಾಶವ್ವ, “ಹೆಂಗದಾಳ್ರಿ?” ಎಂದಳು.

“ಯಾರು?”

“ಮತ್ಯಾರು? ಮಂಡಿ ನೋವು ಅಂತಿದ್ದಳು. ಈಗೂ ಕುಕ್ಕರಗಾಲಾಗ ಕುಂತ ಹೊಲೀತಾಳೇನು?”

ಕಟ್ಟೆಯ ಮೇಲೆ ಕೂತೆವು. ಕಾಶವ್ವ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು, ಒರೆಸಿದಷ್ಟೂ ಹರಡಿತು. ದೊಡ್ಡ ದನಿಯ ಹೆಂಗಸು ಸಣ್ಣಗೆ ಮಾತಾಡಿದಳು. “ಆ ಮಾತು ನನ್ನ ಬಾಯಿಂದ ಹೆಂಗ ಬಂತೋ ಗೊತ್ತಿಲ್ರಿ. ನಾನ ಕಲಿಸಿದ ಅಕ್ಷರ, ನಾನ ಅದಕ್ಕ ಕಾಲಲೆ ಒದ್ದಂಗ ಆತು. ಮರುದಿನಾನ ಹೋಗಿ ತಪ್ಪಾತವ್ವ ಅನ್ನಬೇಕಂತ ಬಾಗಲಾ ತನಕ ಹೋಗಿದ್ನಿ. ಆಕಿ ನನ್ನ ಕಂಡು ಬಾಗಲಾ ಹಾಕ್ಕೊಂಡ್ಳು. ನನಗೂ ಸಿಟ್ಟು ಬಂತು. ಆಮ್ಯಾಲೆ ಅದ ಸಿಟ್ಟ ಗಟ್ಟಿ ಆಕ್ಕೋತ ಹೋತು.” ಆಮೇಲೆ ಖಾಲಿ ಚೀಲವೊಂದನ್ನು ಮಡಿಲಿಗೆ ಎಳೆದುಕೊಂಡು, ಅದರ ಮೇಲೆ ಅಚ್ಚಾಗಿದ್ದ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, ಮಗು ಓದುವಂತೆ ಓದಿ ತೋರಿಸಿದಳು. “ಹಿಂಗ ಸಾವಕಾಶ ಓದೂದು ಕಲೀಲಾಕತ್ತೀನ್ರಿ. ಮೊದಮೊದಲ ಹುಚ್ಚ ಹಿಡದಂಗ ಆಗತಿತ್ತು. ಈಗ ಗೊತ್ತಾತು, ನಿಂತು ಓದಿದ್ರ ಬ್ಯಾರೇನ ರುಚಿ ಐತಿ. ಆಕಿ ಇದನ್ನ ಮೊದಲ ಕಂಡಿದ್ದಳು. ಆಕಿಗೆ ಹೇಳಬ್ಯಾಡ್ರಿ ಮತ್ತ.”

ಎರಡು ಗುಟ್ಟುಗಳನ್ನು ಎರಡು ಕಿವಿಯಲ್ಲಿಟ್ಟುಕೊಂಡು ನನ್ನ ಹೊಟ್ಟೆಯಲ್ಲಿ ನಗು ಕುಣಿಯುತ್ತಿತ್ತು. ಹೇಳುವ ಹಾಗಿಲ್ಲ, ಮಾತು ಕೊಟ್ಟಾಗಿದೆ. ಎದ್ದು ನಿಂತು, “ಸರಿ ಕಾಶವ್ವ, ನಾನು ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ. ನಿಮ್ಮೂರ ಲೈಬ್ರರಿಯಲ್ಲಿ ಒಂದಕ್ಷರ ಓದೋ ಯೋಗ ನನಗಿಲ್ಲ,” ಎಂದೆ.

“ಯಾಕ? ಓದದ ಹೋಗ್ತೀರಿ?”

“ಜೋಡಿ ಇಲ್ಲವಲ್ಲ. ಎಲ್ಲರ ಕೈಯಲ್ಲೂ ಪುಸ್ತಕ ಇದೆ. ಇಲ್ಲದಿರೋರು ನೀವಿಬ್ಬರೇ. ನಿಮ್ಮದು ಮುಗಿದಿದ್ದರೆ ನಿಮ್ಮಲ್ಲಿ ಒಬ್ಬರನ್ನ ಕೇಳ್ತಿದ್ದೆ.” ನಿಜವಾಗಿಯೂ ಬೇಸರದಿಂದಲೇ ಹೇಳಿದೆ. ಅದರಲ್ಲಿ ಉಪಾಯವೇನೂ ಇರಲಿಲ್ಲ. ಆದರೆ ಕಾಶವ್ವನ ಮುಖ ಗಂಭೀರವಾಯಿತು. ಲೈಬ್ರರಿ ನೋಡಲೆಂದೇ ಬಂದ ಪರಊರಿನ ಹೆಣ್ಣುಮಗಳು ಓದದೆ ಹೋದಳೆಂದರೆ ಊರಿನ ಮರ್ಯಾದೆ ಏನಾದೀತು? ನಾಳೆ ಇನ್ನೊಂದು ಊರಲ್ಲಿ ಕೂತು ಏನಂತ ಹೇಳುತ್ತಾಳೆ? ಇದೆಲ್ಲ ಆಕೆ ಕೇಳಿದ್ದು ನನ್ನನ್ನಲ್ಲ, ಎದುರಿನ ಅಂಗಡಿಯನ್ನು. ಬಾಗಿಲಿಗೆ ಹೋಗಿ ನಿಂತು ಗಟ್ಟಿಯಾಗಿ ಹೇಳಿದಳು: “ನನಗೇನೂ ಆ ಪುಸ್ತಕ ಬೇಕಾಗಿಲ್ಲ. ಆದ್ರ ಈ ಹೆಣ್ಮಗಳ ಸಲುವಾಗಿ ಮುಗಿಸಿ ಒಗೀಬಹುದು ಅಂತ ಹೇಳ್ರಿ ಯಾರರ!”

ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತುಬಿಟ್ಟಿತು. ಮಾಬೂಬಿ ಹಲ್ಲಿನಿಂದ ದಾರ ಕಡಿದು, ದಬ್ಬಣವನ್ನು ಗಾದಿಗೆ ಚುಚ್ಚಿಟ್ಟು, ಸಾವಕಾಶ ಎದ್ದಳು. “ನನಗೂ ಬೇಕಾಗಿಲ್ಲ ಅಂತ ಹೇಳ್ರಿ. ಈಕಿ ನನ್ನ ಮನ್ಯಾಗ ಇಳಕೊಂಡಾಳ ಅಂತ ಬರ್ತೀನಿ.”

ನಾವು ಲೈಬ್ರರಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನಡುಬೆಂಚೊಂದನ್ನು ಬಿಟ್ಟು ಎಲ್ಲ ಬೆಂಚುಗಳೂ ತುಂಬಿದ್ದವು, ಎಲ್ಲರ ಕೈಯಲ್ಲೂ ಪುಸ್ತಕ ತೆರೆದಿತ್ತು, ಒಬ್ಬರೂ ಓದುತ್ತಿರಲಿಲ್ಲ. ಕೋರ್ಟು ಕೇಸಿನವರಲ್ಲಿ ಒಬ್ಬ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದ, ಇನ್ನೊಬ್ಬ ಅದನ್ನು ಗಮನಿಸಿರಲಿಲ್ಲ. ರುದ್ರಮುನಿಯವರ ಅತ್ತೆ ಗುಂಡಗೆ, ಕೈಯಲ್ಲಿ ಎಲೆಯಡಿಕೆ ಡಬ್ಬಿ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದರು. ರುದ್ರಮುನಿಯವರು ಮೂರನೆಯ ಸಂಪುಟವನ್ನು ಧೂಳು ಕೊಡವಿ, ಎರಡೂ ಕೈಯಲ್ಲಿ ತಂದು ನಡುಬೆಂಚಿನ ಮೇಲಿಟ್ಟರು.

ಕಾಶವ್ವ ಎಡಕ್ಕೆ, ಮಾಬೂಬಿ ಬಲಕ್ಕೆ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಡಲು ನೋಡಿದರು, ಆದರೆ ಬೆಂಚು ಗಿಡ್ಡ. ಭುಜಕ್ಕೆ ಭುಜ ತಾಗಿತು. ಇಬ್ಬರೂ ರಟ್ಟು ಹಿಡಿದರು. ಕಾಶವ್ವ ತಾವು ಬಿಟ್ಟಿದ್ದ ಪುಟಕ್ಕೆ ತೆರೆದಳು.

ಹಾಳೆ ಬೆಳ್ಳಗಿತ್ತು.

ಎಲ್ಲರೂ ಉಸಿರು ಬಿಗಿಹಿಡಿದರು. ಕಾಶವ್ವ ರಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ಮಾಬೂಬಿ ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಏನೂ ಮೂಡಲಿಲ್ಲ. ಪುಸ್ತಕ ಇವರನ್ನು ಮರೆತೇಬಿಟ್ಟಿತೋ ಏನೋ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಮಾಬೂಬಿಯ ಕಣ್ಣಲ್ಲಿ ನೀರು ತುಂಬುತ್ತಿರುವುದು ನನಗೆ ಕಾಣುತ್ತಿತ್ತು. ಊರವರ ಮುಂದೆ ಅಳಬಾರದೆಂದು ಆಕೆ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದಳು. ನಾನು ಬಂದು ಹಳೆಯ ಗಾಯ ಕೆದಕಿದೆನಲ್ಲ ಎಂದುಕೊಂಡೆ.

ಆಗ ಕಾಶವ್ವ ಬಹಳ ಹೊತ್ತು ಆ ಖಾಲಿ ಹಾಳೆಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ನಾ ಇಲ್ಲೀತನಾ ಬಂದಿದ್ನಿ. ನೀ ಬಂದಿದ್ದಿಲ್ಲ,” ಎಂದಳು. ಹಿಟ್ಟು ಮೆತ್ತಿದ ಬೆರಳಿನಿಂದ ಹಾಳೆಯ ಅಂಚು ಎತ್ತಿ, ಒಂದು ಪುಟ ಹಿಂದಕ್ಕೆ ತಿರುವಿದಳು. “ನೀ ಎಲ್ಲಿ ನಿಂತಿದ್ದಿ, ಅಲ್ಲಿಂದ ಹೋಗೂಣು.”

ಅಕ್ಷರಗಳು ಮೂಡಿದವು. ಮೊದಲು ಮೇಲಿನ ಸಾಲು, ಆಮೇಲೆ ಒಂದರ ಹಿಂದೊಂದು ಪುಟದ ತುಂಬ. ಲೈಬ್ರರಿಯಲ್ಲಿ ಎಲ್ಲರೂ ಒಟ್ಟಿಗೆ ಬಿಟ್ಟ ಉಸಿರಿಗೆ ಮೇಜಿನ ಮೇಲಿದ್ದ ಪೇಪರು ಹಾರಿತು. “ಮಾಬೂ,” ಎಂದಳು ಕಾಶವ್ವ, “ಆವತ್ತ ನಾ ಆಡಬಾರದ ಮಾತ ಆಡಿದ್ನಿ.” ಮಾಬೂಬಿ ಮೂಗು ಸೀಟಿಕೊಂಡು, “ನಾನೂ ಬಾಗಲಾ ಹಾಕ್ಕೋಬಾರದಿತ್ತು. ಓದು ಈಗ,” ಎಂದಳು. ಅಷ್ಟೇ. ಇಷ್ಟು ವರ್ಷದ ಜಗಳ ಮುಗಿಯಲು ಅದಕ್ಕಿಂತ ಹೆಚ್ಚು ಮಾತು ಬೇಕಾಗಲಿಲ್ಲ.

ಓದು ಶುರುವಾಯಿತು. ನಾನು ಎರಡು ಗುಟ್ಟು ಹೊತ್ತು ಎದುರಿಗೇ ಕೂತಿದ್ದೆ; ತುಟಿ ಕಚ್ಚಿಕೊಂಡಿದ್ದೆ. ಮಾಬೂಬಿಯ ಕಣ್ಣು ಪುಟದ ಮೇಲೆ ಸರ್ರನೆ ಹರಿದು ಕೆಳಗೆ ಬಂದು ನಿಂತಿತು. ಹಾಳೆಯ ಅಂಚಿಗೆ ಆಕೆಯ ಕೈ ಹೋಯಿತು. ಕಾಶವ್ವನ ಬೆರಳು ಇನ್ನೂ ಎರಡನೆಯ ಸಾಲಿನಲ್ಲಿತ್ತು.

“ತಡಿಯವ್ವಾ, ನಂದಿನ್ನ ಆಗಿಲ್ಲ,” ಎಂದಳು ಕಾಶವ್ವ.

“ನಿಂದ? ನಿಂದ ಆಗಿಲ್ಲ?”

“ಸಾವಕಾಶ ಓದೂದು ಕಲ್ತೀನಿ. ನಿನ್ನ ಜೋಡಿ ಹೊಂದಿಕಿ ಆಗಲಿ ಅಂತ.”

ಮಾಬೂಬಿ ಹಾಳೆಯ ಅಂಚು ಬಿಟ್ಟಳು. “ನಾ ಲಗೂ ಓದೂದು ಕಲ್ತೀನಲ್ಲಾ! ನಿನ್ನ ಜೋಡಿ ಹೊಂದಿಕಿ ಆಗಲಿ ಅಂತ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಕಾಶವ್ವನ ಹೊಟ್ಟೆ ಕುಲುಕಿತು, ಆಮೇಲೆ ಮಾಬೂಬಿಯ ಭುಜ. ಆಮೇಲೆ ಇಬ್ಬರೂ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಎಂಥ ನಗು ನಕ್ಕರೆಂದರೆ ಒಬ್ಬಳ ಮೈಯಿಂದ ಹಿಟ್ಟು, ಇನ್ನೊಬ್ಬಳ ಮೈಯಿಂದ ಹತ್ತಿ ಹಾರಿ, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲಲ್ಲಿ ತೇಲಿತು. ಲೈಬ್ರರಿಗೆ ಲೈಬ್ರರಿಯೇ ನಕ್ಕಿತು. ರುದ್ರಮುನಿಯವರು ‘ಸದ್ದು ಮಾಡಬಾರದು’ ಎಂಬ ಬೋರ್ಡಿನ ಕೆಳಗೆ ನಿಂತು ಅತ್ತೆಯ ಹೆಗಲು ಹಿಡಿದುಕೊಂಡು ನಗುತ್ತಿದ್ದರು. ಅತ್ತೆಯೂ ಕೈ ತೆಗೆಸಲಿಲ್ಲ.

ಆ ಮಧ್ಯಾಹ್ನದ ಬಸ್ಸು ನಾನಿಲ್ಲದೆ ಹೋಯಿತು. ಮರುದಿನದ್ದೂ ಹೋಯಿತು. ಕಾಶವ್ವ ಗಿರಣಿ ಬಂದ್ ಮಾಡಿದಳು, ಊರೆಲ್ಲ ಅನ್ನವನ್ನೇ ಉಂಡು ಸುಮ್ಮನಿತ್ತು, ಒಬ್ಬರೂ ರೊಟ್ಟಿ ಕೇಳಲಿಲ್ಲ. ಇಬ್ಬರೂ ಕೂತು ಓದುತ್ತಿದ್ದರೆ ಉಳಿದವರು ಅವರ ಮುಖವನ್ನೇ ಓದುತ್ತಿದ್ದರು. ಮಾಬೂಬಿ ಎದೆಯ ಮೇಲೆ ಕೈ ಇಟ್ಟುಕೊಂಡರೆ “ನೀರು ಏರಿತು” ಎನ್ನುವರು, ಕಾಶವ್ವ ಕಣ್ಣು ಒರೆಸಿಕೊಂಡರೆ “ತಾಯಿ ಹೋದಳು” ಎನ್ನುವರು. ಯಾರೋ ಇಬ್ಬರಿಗೂ ತುತ್ತು ಮಾಡಿ ಬಾಯಿಗಿಡುತ್ತಿದ್ದರು, ಕೈ ಬಿಡುವ ಹಾಗಿರಲಿಲ್ಲವಲ್ಲ. ತಿರುವುವ ಮೊದಲು ಪ್ರತಿ ಸಲ ಮಾಬೂಬಿ ಕೇಳುತ್ತಿದ್ದಳು, ಕಾಶವ್ವ ತಲೆಯಾಡಿಸುತ್ತಿದ್ದಳು. ಕೊನೆಯ ಪುಟ ಮುಗಿದದ್ದು ಅದರ ಮರುದಿನ ಬೆಳಿಗ್ಗೆ. ಇಬ್ಬರೂ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟರು.

“ಬದುಕಿದ್ಳೇನ್ರಿ ದೊರೆಸಾನಿ?” ಅತ್ತೆಗೆ ತಡೆಯಲಾಗಲಿಲ್ಲ.

“ಓದ್ಕೋರಿ,” ಎಂದಳು ಕಾಶವ್ವ.

“ಒಂದ ಮಾತ ಹೇಳ್ರಿ, ತಾಯಿ ಅಂದ್ರಲ್ಲ, ಯಾರ ತಾಯಿ?”

“ಈ ಸಲ ಬಾಯಿ ಬಿಡೂದಿಲ್ಲ. ಓದ್ಕೋರಿ,” ಎಂದು ಕಾಶವ್ವ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಮಾಬೂಬಿ ಅವಳ ಬೆನ್ನಿಗೊಂದು ಗುದ್ದಿದಳು, ಪ್ರೀತಿಯಿಂದ. ಆಗಲೇ ತಮ್ಮ ಕೈಯ ಪುಸ್ತಕಗಳನ್ನು ರಾತ್ರಿ ಕೂತು ಓದಿ ಮುಗಿಸಿದ್ದ ಜೋಡಿಗಳು ಬಾಗಿಲಿನಿಂದ ಬಸ್ಸಿನ ಕಟ್ಟೆಯವರೆಗೆ ಸಾಲುಗಟ್ಟಿ ನಿಂತಿದ್ದರು. ಜಗಳ ಬೇಡವೆಂದು ಚೀಟಿ ಎತ್ತಿದರು. ಬಂದದ್ದು ಕೋರ್ಟು ಕೇಸಿನ ಇಬ್ಬರಿಗೆ. ಅವರು ಪುಸ್ತಕವನ್ನು ಎದೆಗೊತ್ತಿಕೊಂಡು ಬೆಂಚಿಗೆ ಓಡಿದರು. ರುದ್ರಮುನಿಯವರ ಅತ್ತೆ, “ಲಗೂ ಮುಗಿಸ್ರಿ, ಇಲ್ಲಂದ್ರ ನಾನೂ ಕೇಸ್ ಹಾಕ್ತೀನಿ,” ಎಂದು ಹಿಂದಿನಿಂದ ಕೂಗಿದರು.

ಈ ಗದ್ದಲದಲ್ಲಿ ಕಾಶವ್ವ ಕಪಾಟಿನ ಮುಂದೆ ನಿಂತು ತಮ್ಮಿಬ್ಬರ ಮುಂದಿನ ಪುಸ್ತಕ ಹುಡುಕತೊಡಗಿದ್ದಳು. ಇಷ್ಟು ವರ್ಷದ ಹಸಿವು, ಒಂದನ್ನು ಎಳೆಯುವಳು, ಒಂದನ್ನು ಇಡುವಳು. ನಾನು ಕೈಚೀಲ ಎತ್ತಿಕೊಂಡು ಮೆಲ್ಲಗೆ ಹೊರಡಲು ನೋಡಿದೆ. ಮಧ್ಯಾಹ್ನದ ಬಸ್ಸು ಬಂದು ನಿಂತಿತ್ತು. ಅವರಿಬ್ಬರ ನಡುವೆ ಹೋಗಲು ನನಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಮಾಬೂಬಿ ನನ್ನ ರಟ್ಟೆ ಹಿಡಿದಳು. “ಎಲ್ಲಿಗೆ? ಯಾರ ಸಲುವಾಗಿ ಇದೆಲ್ಲಾ ಮಾಡಿದ್ದು? ಕುಂದರ್ರಿ ಇಲ್ಲಿ.”

“ಹೌದೌದು,” ಎಂದಳು ಕಾಶವ್ವ, ಮನಸ್ಸಿಲ್ಲದ ಮನಸ್ಸಿನಿಂದ. “ಕೊಟ್ಟ ಮಾತು ಕೊಟ್ಟಂಗ. ಸಣ್ಣದೊಂದ ಓದಿ ಮುಗಿಸಿಬಿಡ್ರಿ ಇಬ್ಬರೂ. ಮಕ್ಕಳದು ಇಲ್ಲಿ ಐತಿ ನೋಡು ಮಾಬೂ, ಚಿತ್ರದ್ದು, ಹಿಡಿ ಹಿಡಿ.”

ಮಾಬೂಬಿ ಅದನ್ನು ತೆಗೆದುಕೊಳ್ಳಲಿಲ್ಲ. ಕೆಳಗಿನ ಕಪಾಟಿಗೆ ಬಗ್ಗಿ, ಎರಡೂ ಕೈ ಹಾಕಿ, ಗಾದಿಯಷ್ಟು ದಪ್ಪದ ಒಂದು ಪುಸ್ತಕವನ್ನು ಎಳೆದು ಬೆಂಚಿನ ಮೇಲೆ ಧೊಪ್ಪನೆ ಹಾಕಿದಳು. ಕಾಶವ್ವ ಹೌಹಾರಿ “ಅದು ಬ್ಯಾಡ!” ಎನ್ನುವಷ್ಟರಲ್ಲಿ ನನ್ನ ಕೈಯನ್ನು ಎಡರಟ್ಟಿನ ಮೇಲಿಟ್ಟು, ತಾನು ಬಲರಟ್ಟು ಹಿಡಿದು ತೆರೆದೇಬಿಟ್ಟಳು. ಕಣ್ಣ ಮುಂದೆ ಮೊದಲ ಸಾಲು ಮೂಡಿತು. ಆ ಅಕ್ಷರಗಳು ಏರುವಾಗ ರಟ್ಟು ಬೆಚ್ಚಗಾಗುತ್ತದೆ, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಹೊಸದಾಗಿ ಇಳಿಸಿದ ರೊಟ್ಟಿ ಹಿಡಿದಂತೆ ಅನ್ನಿಸಿತು. ಇನ್ನು ಇದು ಮುಗಿಯುವ ತನಕ ನಾನು ಮಾಬೂಬಿಯವಳು, ಮಾಬೂಬಿ ನನ್ನವಳು.

“ಏನ ಮಾಡಿದಿ ಮಾಬೂ!” ಕಾಶವ್ವ ಹಣೆ ಚಚ್ಚಿಕೊಂಡಳು. “ಇದು ತಿಂಗಳಾದ್ರೂ ಮುಗಿಯೂದಿಲ್ಲ! ಅಲ್ಲೀತನಾ ನಾ ಏನ ಮಾಡ್ಲಿ?”

“ಈಕಿ ಹ್ವಾದ್ರ ಮತ್ತ ಯಾವಾಗ ಬರ್ತಾಳೋ ಏನೋ. ಇಷ್ಟ ವರ್ಷ ಕುಂತಿ, ಇನ್ನೊಂದ ತಿಂಗಳ ಕುಂದರು,” ಎಂದು ಮಾಬೂಬಿ ನನ್ನ ಕಡೆ ಸರಿದಳು. ನನ್ನ ರಜೆ ಇನ್ನೂ ಬಹಳಷ್ಟು ಉಳಿದಿತ್ತು. ಅದನ್ನು ಆಕೆ ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದಳು.

ಹೊರಗೆ ಬಸ್ಸಿನ ಹಾರ್ನು ಎರಡು ಸಲ ಕೇಳಿತು. ನಾನು ಏಳಲಿಲ್ಲ. ಎದ್ದರೆ ಅಕ್ಷರ ಹೋಗುತ್ತವಲ್ಲ. ಕಾಶವ್ವ ನಮ್ಮಿಬ್ಬರನ್ನೂ ಒಮ್ಮೆ ದುರುಗುಟ್ಟಿ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಕಡೆ ಹೊರಟಳು. ಮೆಟ್ಟಿಲ ಮೇಲೆ ನಿಂತು ಕಂಡಕ್ಟರಿಗೆ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

“ನಡೀಪಾ, ಗಾಡಿ ಬಿಡು! ನಮ್ಮ ಮಂದಿ ಯಾರೂ ಬರೂದಿಲ್ಲ!”